ಉದ್ದದ ದಾರಿಗೆ ಒಂದು ಚಿಕ್ಕ ಹೆಸರು

ಮಕ್ಕಳೇ, ಬಣ್ಣಾರಿಯಿಂದ ದಿಂಬಂ ಘಟ್ಟ ಹತ್ತುವ ಬಸ್ಸಿನಲ್ಲಿ ನಿಮ್ಮಲ್ಲಿ ಬಹಳ ಜನ ಕೂತಿರುತ್ತೀರಿ. ಆ ದಾರಿಯಲ್ಲಿ 27 ಕಡಿದಾದ ತಿರುವುಗಳಿವೆ. ಒಂದು ದಿನ ಎಲ್ಲೋ ಲಾರಿ ಕೆಟ್ಟು ನಿಂತು ದಾರಿ ಕಟ್ಟಿಕೊಂಡಿತು ಅಂತ ಇಟ್ಟುಕೊಳ್ಳಿ. ಡ್ರೈವರಣ್ಣ ಫೋನಿನಲ್ಲಿ ಏನಂತ ಹೇಳ್ತಾರೆ? "ಬಣ್ಣಾರಿ ದಾಟಿ ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ, ಮತ್ತೆ ಬಲಕ್ಕೆ..." ಅಂತ ಶುರು ಮಾಡಲ್ಲ. "ಒಂಬತ್ತನೇ ತಿರುವು" ಅಂತಾರೆ, ಅಷ್ಟೇ. ಕೇಳಿದವರಿಗೆ ಜಾಗ ಗೊತ್ತಾಗಿಬಿಡುತ್ತೆ. ಮನೆಯಲ್ಲೂ ಹಾಗೇ. "ಹುಣಸೆಮರದ ಹೊಲಕ್ಕೆ ಬುತ್ತಿ ಕೊಟ್ಟು ಬಾ" ಅಂದರೆ ಸಾಕು, ಸರ್ವೆ ನಂಬರ್ ಯಾರೂ ಹೇಳಲ್ಲ.

ಉದ್ದವಾದ ದಾರಿಗೆ ಒಂದು ಚಿಕ್ಕ ಹೆಸರಿಟ್ಟು, ಹೆಸರು ಹೇಳಿದ ಕೂಡಲೇ ಅಲ್ಲಿಗೆ ಹೋಗುವ ಈ ಉಪಾಯ ಕಂಪ್ಯೂಟರಿನಲ್ಲೂ ಇದೆ. ಅದಕ್ಕೆ ಬುಕ್‌ಮಾರ್ಕ್ ಅಂತ ಹೆಸರು. ಪುಸ್ತಕದಲ್ಲಿ ಓದಿದ ಪುಟ ಮರೆಯದಿರಲಿ ಅಂತ ನವಿಲುಗರಿ ಇಡುತ್ತೀರಲ್ಲ, ಇದೂ ಅಂಥದ್ದೇ. ಇದನ್ನು ಕಲಿಯಲು ನನಗೆ ಒಂದು ಕಾರಣ ಸಿಕ್ಕಿತು. ಅದನ್ನು ಮೊದಲು ಹೇಳುತ್ತೇನೆ.

ಒಂದು ವರ್ಷದ ಮಳೆ ಹೋದದ್ದು

ಒಂದು ಶಾಲೆಯಲ್ಲಿ ನಮ್ಮ ಮಕ್ಕಳು ಮಳೆಮಾಪಕ ಇಟ್ಟಿದ್ದರು. ದಿನಾ ಬೆಳಿಗ್ಗೆ 8.30ಕ್ಕೆ ಒಬ್ಬರು ಹೋಗಿ ನೀರು ಅಳೆದು, ಮಿಲಿಮೀಟರ್ ಲೆಕ್ಕದಲ್ಲಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಹವಾಮಾನ ಇಲಾಖೆಯವರು ಮಳೆ ಅಳೆಯುವುದೂ ಅದೇ ಹೊತ್ತಿಗೆ. ತಿಂಗಳು ಮುಗಿದ ಮೇಲೆ ಅದನ್ನು ಕಂಪ್ಯೂಟರಿಗೆ ಏರಿಸುತ್ತಿದ್ದರು. ತಿಂಗಳಿಗೊಂದು ಫೈಲು, ವರ್ಷಕ್ಕೆ ಹನ್ನೆರಡು. ಅವೆಲ್ಲ ಇದ್ದ ಜಾಗ ಇದು:

~/ಶಾಲೆ/ವಿಜ್ಞಾನಸಂಘ/ಮಳೆಲೆಕ್ಕ/2024/ಪಟ್ಟಿ

'ಪಟ್ಟಿ'ಯ ಒಳಗೆ 'ನಕಲು' ಅಂತ ಇನ್ನೊಂದು ಫೋಲ್ಡರ್ ಇತ್ತು. ಅದರಲ್ಲಿ ಬೇಡದ ಹಳೆಯ ಪ್ರತಿಗಳು ತುಂಬಿದ್ದವು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಅವನ್ನು ಅಳಿಸಲು ಹೊರಟಳು. 'ನಕಲು' ಫೋಲ್ಡರಿಗೆ ಹೋಗುವ ಕಮಾಂಡನ್ನು ಟೈಪ್ ಮಾಡಿದಳು, ಆದರೆ ಒಂದು ಅಕ್ಷರ ತಪ್ಪಿತು. "ಅಂಥ ಫೋಲ್ಡರ್ ಇಲ್ಲ" ಅಂತ ಕಂಪ್ಯೂಟರ್ ಇಂಗ್ಲಿಷಿನಲ್ಲಿ ಒಂದು ಸಾಲು ಬರೆಯಿತು. ಪೀರಿಯಡ್ ಮುಗಿಯುವ ಅವಸರದಲ್ಲಿ ಅವಳು ಅದನ್ನು ಓದಲಿಲ್ಲ. ಮುಂದಿನ ಸಾಲಿನಲ್ಲಿ "ಇಲ್ಲಿರುವ ಫೈಲೆಲ್ಲ ಅಳಿಸು" ಅನ್ನುವ ಕಮಾಂಡ್ ಕೊಟ್ಟಳು.

ಅವಳು ತಾನು 'ನಕಲು' ಒಳಗಿದ್ದೀನಿ ಅಂದುಕೊಂಡಿದ್ದಳು. ನಿಜವಾಗಿ ನಿಂತಿದ್ದು 'ಪಟ್ಟಿ'ಯಲ್ಲೇ. ಹನ್ನೆರಡು ತಿಂಗಳ ಫೈಲುಗಳೂ ಹೋದವು. ಟರ್ಮಿನಲ್ಲಿನಲ್ಲಿ ಅಳಿಸಿದ್ದು ಕಸದಬುಟ್ಟಿಗೆ ಹೋಗಿ ಕೂರಲ್ಲ, ಹೋದರೆ ಹೋಯ್ತು.

"ಸಾರ್, ಎಲ್ಲಾ ಹೋಯ್ತು ಸಾರ್" ಅಂತ ಅವಳು ಅಳುಮೋರೆ ಹಾಕಿಕೊಂಡು ಬಂದಾಗ ನಾನು ಬೈಯಲಿಲ್ಲ. ತಪ್ಪು ಅವಳ ಬೆರಳಿನದಷ್ಟೇ ಆಗಿರಲಿಲ್ಲ. ಕಂಪ್ಯೂಟರಿನೊಳಗೆ ದಾರಿ ಹಿಡಿದು ಓಡಾಡುವುದು ಹೇಗೆ ಅಂತ ನಾನು ಸರಿಯಾಗಿ ಕಲಿಸಿರಲಿಲ್ಲ. ಈ ಲೇಖನ ಆ ಬಾಕಿ ಪಾಠ.

ಕಪ್ಪು ಪರದೆಯಲ್ಲಿ ನಾವೆಲ್ಲಿದ್ದೇವೆ?

ತಮಿಳುನಾಡು ಸರ್ಕಾರ 2011ರಿಂದ ವಿದ್ಯಾರ್ಥಿಗಳಿಗೆ ಕೊಟ್ಟ ಲ್ಯಾಪ್‌ಟಾಪ್‌ಗಳಲ್ಲಿ ಅನೇಕವು ನಮ್ಮ ಅಕ್ಕ ಅಣ್ಣಂದಿರ ಮನೆಗಳಲ್ಲಿ ಈಗಲೂ ಇವೆ. ಅವುಗಳಲ್ಲಿ ವಿಂಡೋಸ್ ಜೊತೆಗೆ ಬಾಸ್ ಲಿನಕ್ಸ್ ಅನ್ನುವ ಇನ್ನೊಂದು ವ್ಯವಸ್ಥೆಯನ್ನೂ ಹಾಕಿ ಕೊಡುತ್ತಿದ್ದರು. ಅದು ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆ ರೂಪಿಸಿದ್ದು. ಗಡಿಯ ಆ ಕಡೆ ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳು ಕಂಪ್ಯೂಟರ್ ಪಾಠ ಕಲಿಯುವುದೂ ಲಿನಕ್ಸ್‌ನಲ್ಲೇ. ಲಿನಕ್ಸ್‌ನಲ್ಲಿ 'ಟರ್ಮಿನಲ್' ತೆರೆದರೆ ಒಂದು ಖಾಲಿ ಪರದೆ, ಮಿಣುಕುವ ಒಂದು ಗೆರೆ. ಅಲ್ಲಿ ನಾವು ಬರೆದದ್ದನ್ನು ಓದಿ ಕೆಲಸ ಮಾಡಿಸುವ ಪ್ರೋಗ್ರಾಮಿಗೆ 'ಶೆಲ್' ಅಂತಾರೆ. ಹೆಚ್ಚಿನ ಲಿನಕ್ಸ್‌ಗಳಲ್ಲಿ ಅದರ ಹೆಸರು ಬ್ಯಾಶ್. ಬ್ರಯಾನ್ ಫಾಕ್ಸ್ ಅನ್ನುವವರು ಬರೆದ ಇದು 1989ರಲ್ಲಿ ಹೊರಬಂತು.

ಒಂದು ಸೂಚನೆ. ಕಮಾಂಡುಗಳ ಹೆಸರನ್ನು ಇಲ್ಲಿ ಓದುವ ಹಾಗೆ ಕನ್ನಡ ಅಕ್ಷರದಲ್ಲಿ ಕೊಟ್ಟಿದೆ. ನೀವು ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಒತ್ತಬೇಕು. 'ಸಿಡಿ' ಅಂದರೆ ಸಿ ಮತ್ತು ಡಿ, ಎರಡೇ ಅಕ್ಷರ. ಫೋಲ್ಡರುಗಳ ಹೆಸರು ಮಾತ್ರ ಕನ್ನಡದಲ್ಲೇ ಇರಬಹುದು.

ಕಂಪ್ಯೂಟರಿನ ಫೋಲ್ಡರುಗಳು ತಲೆಕೆಳಗಾದ ಮರದ ಹಾಗೆ. ಬೇರು ಮೇಲೆ, ಕೊಂಬೆಗಳು ಕೆಳಗೆ. ನಮ್ಮ ವಿಳಾಸವೂ ಹಾಗೇ ಇದೆ ನೋಡಿ:

/ತಮಿಳುನಾಡು/ಈರೋಡು/ತಾಳವಾಡಿ/ಗುಮಟಾಪುರ

ಮೊದಲ ಗೀಟು ಬೇರು. ಆಮೇಲೆ ರಾಜ್ಯ, ಜಿಲ್ಲೆ, ತಾಲ್ಲೂಕು, ಊರು. ಬೇರಿನಿಂದ ಶುರುವಾಗುವ ಇಂಥ ದಾರಿಗೆ ಪೂರ್ಣ ದಾರಿ ಅನ್ನೋಣ. ತಾಳವಾಡಿಯಲ್ಲೇ ನಿಂತು "ಗುಮಟಾಪುರಕ್ಕೆ ಹೋಗು" ಅಂದರೆ ಅದು ನಿಂತ ಜಾಗದಿಂದ ಲೆಕ್ಕ ಹಾಕುವ ದಾರಿ. ಶೆಲ್ ಯಾವಾಗಲೂ ಯಾವುದಾದರೂ ಒಂದು ಫೋಲ್ಡರಿನಲ್ಲಿ 'ನಿಂತಿರುತ್ತದೆ'. ಎಲ್ಲಿ ನಿಂತಿದೆ ಅಂತ ಕೇಳುವ ಕಮಾಂಡು 'ಪಿಡಬ್ಲ್ಯುಡಿ'. ಬೇರೆ ಕಡೆ ಹೋಗುವ ಕಮಾಂಡು 'ಸಿಡಿ'. ಎರಡು ಚುಕ್ಕೆ ಅಂದರೆ ಒಂದು ಮೆಟ್ಟಿಲು ಮೇಲೆ. ಅಲೆಯ ಹಾಗಿರುವ ~ ಗುರುತು ಅಂದರೆ ನಿಮ್ಮ ಸ್ವಂತ ಮನೆ, ಅಂದರೆ ನಿಮ್ಮ ಹೆಸರಿನ ಫೋಲ್ಡರ್.

ನಮ್ಮ ಹುಡುಗಿಗೆ ಆದದ್ದು ಇಷ್ಟೇ: ಶೆಲ್ ನಿಂತ ಜಾಗ ಒಂದು, ಅವಳ ಮನಸ್ಸಿನಲ್ಲಿದ್ದ ಜಾಗ ಇನ್ನೊಂದು.

ಸಿಡಿ ಕೆಲಸ ನಿಲ್ಲಿಸಿದ ಕಥೆ

ನಿಂತ ಜಾಗದ ವಿಷಯದಲ್ಲಿ ದೊಡ್ಡ ದೊಡ್ಡ ವಿಜ್ಞಾನಿಗಳೂ ಒಮ್ಮೆ ತಲೆ ಕೆರೆದುಕೊಂಡಿದ್ದಾರೆ. ಲಿನಕ್ಸ್‌ಗೆ ಅಜ್ಜನ ಸ್ಥಾನದಲ್ಲಿರುವುದು ಯೂನಿಕ್ಸ್. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮತ್ತು ಗೆಳೆಯರು ಅದನ್ನು ಕಟ್ಟಲು ಶುರು ಮಾಡಿದರು. ಆರಂಭದ ದಿನಗಳಲ್ಲಿ ಅವರು ಒಂದು ಹೊಸ ಅನುಕೂಲ ಸೇರಿಸಿದರು. ಪ್ರತಿ ಕಮಾಂಡಿಗೂ ಶೆಲ್ ಒಂದು 'ಮರಿ'ಯನ್ನು ಹುಟ್ಟಿಸಿ, ಕೆಲಸ ಅದರ ಕೈಗೆ ಕೊಡುವುದು. ಕೆಲಸ ಮುಗಿದ ಮೇಲೆ ಮರಿ ಮಾಯ.

ಎಲ್ಲ ಚೆನ್ನಾಗಿತ್ತು, ಜಾಗ ಬದಲಿಸುವ ಕಮಾಂಡು ಮಾತ್ರ ಇದ್ದಕ್ಕಿದ್ದ ಹಾಗೆ ಕೆಲಸ ನಿಲ್ಲಿಸಿತು. ಕೊಟ್ಟರೂ ಏನೂ ಆಗುತ್ತಿರಲಿಲ್ಲ. ಬರೆದದ್ದನ್ನೆಲ್ಲ ಮತ್ತೆ ಮತ್ತೆ ಓದಿದರು. ಕೊನೆಗೆ ಗೊತ್ತಾಯಿತು: ಮರಿ ಹೋಗಿ ತನ್ನ ಜಾಗವನ್ನು ಸರಿಯಾಗಿಯೇ ಬದಲಿಸಿಕೊಳ್ಳುತ್ತಿತ್ತು. ಆಮೇಲೆ ಮಾಯವಾಗುತ್ತಿತ್ತು. ಅಮ್ಮ, ಅಂದರೆ ಶೆಲ್, ಇದ್ದ ಕಡೆಯೇ ಇರುತ್ತಿತ್ತು. ತಮ್ಮನನ್ನು ಅಂಗಡಿಗೆ ಕಳಿಸಿದರೆ ಅಂಗಡಿ ಸೇರುವುದು ತಮ್ಮ, ನೀವಲ್ಲವಲ್ಲ. ಆದ್ದರಿಂದ ಜಾಗ ಬದಲಿಸುವ ಕೆಲಸವನ್ನು ಶೆಲ್ಲೇ ಸ್ವತಃ ಮಾಡುವ ಹಾಗೆ ತಿದ್ದಿದರು. ಈ ಪ್ರಸಂಗವನ್ನು ರಿಚಿಯವರೇ ಬರೆದಿಟ್ಟಿದ್ದಾರೆ.

ಇದನ್ನು ಯಾಕೆ ಹೇಳಿದೆ ಅಂದರೆ, ಬುಕ್‌ಮಾರ್ಕಿಗೂ ಇದೇ ನಿಯಮ. ದಾರಿಯನ್ನು ಬೇರೊಂದು ಸ್ಕ್ರಿಪ್ಟ್ ಫೈಲಿನಲ್ಲಿ ಬರೆದು ಮಾಮೂಲಿನಂತೆ ಓಡಿಸಿದರೆ, ಅದು ಮರಿಯಾಗಿ ಓಡಿ ಮಾಯವಾಗುತ್ತೆ, ನೀವು ನಿಂತಲ್ಲೇ ಇರುತ್ತೀರಿ. ಬುಕ್‌ಮಾರ್ಕ್ ಶೆಲ್ಲಿನ ಒಳಗೇ ಇರಬೇಕು.

ಕನ್ನಡದ ಹೆಸರು, ಎರಡು ಕೀಲಿಮಣೆ

ಬುಕ್‌ಮಾರ್ಕ್ ನಮಗೆ ಬೇರೆಯವರಿಗಿಂತ ಹೆಚ್ಚು ಬೇಕು. ಕಾರಣ ಕೇಳಿ. ಕಮಾಂಡು ಇಂಗ್ಲಿಷಿನಲ್ಲಿ, ಫೋಲ್ಡರ್ ಹೆಸರು ಕನ್ನಡದಲ್ಲಿ. 'ಸಿಡಿ' ಒತ್ತಬೇಕು, ಕೀಲಿಮಣೆಯನ್ನು ಕನ್ನಡಕ್ಕೆ ತಿರುಗಿಸಬೇಕು, ಹೆಸರು ಬರೆಯಬೇಕು, ಮತ್ತೆ ಇಂಗ್ಲಿಷಿಗೆ ತಿರುಗಿಸಬೇಕು. ಇದು ಬೇಸರ ಅಂತ ಕೆಲವರು ಫೋಲ್ಡರಿಗೆ ಕನ್ನಡ ಹೆಸರಿಡುವುದನ್ನೇ ಬಿಟ್ಟುಬಿಡುತ್ತಾರೆ.

ಇನ್ನೊಂದು ಸಣ್ಣ ತೊಡಕೂ ಇದೆ. ಕನ್ನಡದಲ್ಲಿ ಒತ್ತಕ್ಷರ ಆಗದಂತೆ ತಡೆಯಲು ನಾವು ಕೆಲವೊಮ್ಮೆ ಒಂದು ಕಾಣದ ಅಕ್ಷರ ಸೇರಿಸುತ್ತೇವೆ. 'ನೋಟ್‌ಬುಕ್' ಅನ್ನುವಲ್ಲಿ ಟ್ ಮತ್ತು ಬು ನಡುವೆ ಅಂಥದ್ದೊಂದು ಕೂತಿದೆ. ಹೆಸರಿನಲ್ಲಿ ಇಂಥ ಅಕ್ಷರ ಇದೆಯೋ ಇಲ್ಲವೋ ಕಣ್ಣಿಗೆ ಸುಲಭವಾಗಿ ಗೊತ್ತಾಗದಿರಬಹುದು. ಕಂಪ್ಯೂಟರಿಗೆ ಮಾತ್ರ ಅದು ಇದ್ದ ಹೆಸರು ಬೇರೆ, ಇಲ್ಲದ ಹೆಸರು ಬೇರೆ. "ಅಂಥ ಫೋಲ್ಡರ್ ಇಲ್ಲ" ಅನ್ನುತ್ತೆ.

ಕನ್ನಡದ ಹೆಸರುಗಳು ಜಾಗವನ್ನೂ ಹೆಚ್ಚು ತಿನ್ನುತ್ತವೆ. ಒಂದು ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು. ಯೂನಿಕೋಡಿನ ಸಾಮಾನ್ಯ ರೂಪದಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಪ್ರತಿ ಗುಣಿತದ ಗುರುತಿಗೂ 3 ಬೈಟ್ ಬೇಕು. 'ತಾಳವಾಡಿ'ಯನ್ನು ಬಿಡಿಸಿದರೆ ತ, ದೀರ್ಘ, ಳ, ವ, ದೀರ್ಘ, ಡ, ಗುಡಿಸು ಅಂತ 7 ಗುರುತು, ಅಂದರೆ 21 ಬೈಟ್. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಒಂದು ಹೆಸರಿಗೆ 255 ಬೈಟ್ ಮಿತಿ. ಹಾಗಾಗಿ ಕನ್ನಡದಲ್ಲಿ 85 ಗುರುತುಗಳವರೆಗೆ ಬರೆಯಬಹುದು. ಅದು ನಮಗೆ ಧಾರಾಳ ಸಾಕು. ಕನ್ನಡ ಹೆಸರು ಬಿಡಬೇಕಾಗಿಲ್ಲ, ಅದನ್ನು ದಿನಾ ಟೈಪ್ ಮಾಡುವ ಕಷ್ಟ ತಪ್ಪಿಸಿಕೊಂಡರೆ ಆಯಿತು.

ಕೈಯಲ್ಲೇ ಇರುವ ಮೂರು ಉಪಾಯ

ಬುಕ್‌ಮಾರ್ಕಿಗೂ ಮುಂಚೆ, ಏನೂ ಸೇರಿಸದೆ ಸಿಗುವ ಅನುಕೂಲಗಳು ಇವು.

ಒಂದು, ಟ್ಯಾಬ್ ಕೀಲಿ. ಹೆಸರಿನ ಮೊದಲ ಒಂದೆರಡು ಅಕ್ಷರ ಬರೆದು ಟ್ಯಾಬ್ ಒತ್ತಿದರೆ ಉಳಿದದ್ದನ್ನು ಶೆಲ್ಲೇ ತುಂಬುತ್ತೆ. ಕಾಣದ ಅಕ್ಷರ ಇದ್ದರೆ ಅದನ್ನೂ ಸರಿಯಾಗಿ ಹಾಕುತ್ತೆ.

ಎರಡು, ಬರೀ 'ಸಿಡಿ'. ಮುಂದೆ ಏನೂ ಬರೆಯದೆ ಎಂಟರ್ ಒತ್ತಿದರೆ ನೇರ ಮನೆಗೆ.

ಮೂರು, 'ಸಿಡಿ -'. ಇದು ಹಿಂದೆ ಎಲ್ಲಿದ್ದೆವೋ ಅಲ್ಲಿಗೆ. ಮತ್ತೊಮ್ಮೆ ಕೊಟ್ಟರೆ ಮತ್ತೆ ಈ ಕಡೆಗೆ. ಎರಡು ಫೋಲ್ಡರುಗಳ ನಡುವೆ ಓಡಾಡುವಾಗ ಇದಕ್ಕಿಂತ ಬೇಗದ್ದು ಇಲ್ಲ.

ಹೆಸರಿಡೋಣ ಬನ್ನಿ

ಈಗ ನಿಜವಾದ ಬುಕ್‌ಮಾರ್ಕ್. ಅತಿ ಸುಲಭದ್ದು 'ಅಲಿಯಾಸ್'. ಎ, ಎಲ್, ಐ, ಎ, ಎಸ್. ಅಡ್ಡಹೆಸರು ಅಂತ ಅರ್ಥ. ಮಳೆಲೆಕ್ಕಕ್ಕೆ ಎಂ ಮತ್ತು ಎಲ್ ಅನ್ನುವ ಎರಡಕ್ಷರದ ಹೆಸರು ಕೊಡೋಣ:

ಅಲಿಯಾಸ್ ಎಂಎಲ್='ಸಿಡಿ ~/ಶಾಲೆ/ವಿಜ್ಞಾನಸಂಘ/ಮಳೆಲೆಕ್ಕ/2024/ಪಟ್ಟಿ'

ಸಮ ಚಿಹ್ನೆಯ ಆಚೆ ಈಚೆ ಜಾಗ ಬಿಡಬಾರದು. ಇಷ್ಟು ಮಾಡಿದ ಮೇಲೆ ಎಲ್ಲಿಂದಾದರೂ 'ಎಂಎಲ್' ಅಂತ ಎರಡಕ್ಷರ ಒತ್ತಿ ಎಂಟರ್ ಕೊಟ್ಟರೆ ಸಾಕು, ನೇರ ಪಟ್ಟಿಯೊಳಗೆ. ಕೀಲಿಮಣೆ ತಿರುಗಿಸುವ ಕೆಲಸವೇ ಇಲ್ಲ. ಫೋಲ್ಡರ್ ಹೆಸರು ಕನ್ನಡದಲ್ಲೇ ಉಳಿಯಿತು.

ಟರ್ಮಿನಲ್ ಮುಚ್ಚಿದರೆ ಈ ಹೆಸರು ಮರೆತುಹೋಗುತ್ತೆ. ಉಳಿಯಬೇಕಾದರೆ ನಿಮ್ಮ ಮನೆ ಫೋಲ್ಡರಿನಲ್ಲಿರುವ 'ಬ್ಯಾಶ್‌ಆರ್‌ಸಿ' ಅನ್ನುವ ಫೈಲಿನ ಕೊನೆಗೆ ಅದೇ ಸಾಲನ್ನು ಸೇರಿಸಬೇಕು. ಆ ಫೈಲಿನ ಹೆಸರು ಚುಕ್ಕೆಯಿಂದ ಶುರುವಾಗುವುದರಿಂದ ಸುಮ್ಮನೆ ಪಟ್ಟಿ ತೆಗೆದರೆ ಕಾಣಿಸಲ್ಲ. ಟರ್ಮಿನಲ್ ತೆರೆದಾಗ ಬ್ಯಾಶ್ ಅದನ್ನು ಓದಿಕೊಳ್ಳುತ್ತೆ. ಝಡ್‌ಶೆಲ್ ಅನ್ನುವ ಇನ್ನೊಂದು ಶೆಲ್ಲಿನಲ್ಲಿ ಫೋಲ್ಡರಿಗೆ ಹೆಸರಿಡಲು ಬೇರೆಯೇ ಸೌಕರ್ಯ ಇದೆ, ಅಲ್ಲಿ ಇಟ್ಟ ಹೆಸರನ್ನು ~ ಗುರುತಿನ ಮುಂದೆ ಬರೆಯಬಹುದು.

ಇನ್ನೊಂದು ದಾರಿ 'ಕೊಂಡಿ'. 'ಎಲ್‌ಎನ್ -ಎಸ್' ಅನ್ನುವ ಕಮಾಂಡಿಗೆ ಮೊದಲು ನಿಜವಾದ ದಾರಿ, ಆಮೇಲೆ ಹೊಸ ಹೆಸರು ಕೊಟ್ಟರೆ, ಮನೆ ಫೋಲ್ಡರಿನಲ್ಲಿ 'ಮಳೆ' ಅನ್ನುವ ಒಂದು ಬಾಗಿಲು ಹುಟ್ಟುತ್ತೆ. ಒಳಗೆ ಹೋದರೆ ಮಳೆಲೆಕ್ಕದ ಪಟ್ಟಿ. ಅಲಿಯಾಸನ್ನು ಶೆಲ್ ಮಾತ್ರ ಬಲ್ಲದು, ಕೊಂಡಿಯನ್ನು ಬೇರೆ ಪ್ರೋಗ್ರಾಮುಗಳೂ ಬಲ್ಲವು. ಆದರೆ ನಿಜವಾದ ಫೋಲ್ಡರನ್ನು ಬೇರೆ ಕಡೆ ಸಾಗಿಸಿದರೆ ಕೊಂಡಿ ಗೋಡೆಗೆ ತೆರೆಯುವ ಬಾಗಿಲಾಗಿಬಿಡುತ್ತೆ. ಕೊಂಡಿಯ ಮೂಲಕ ಒಳಗೆ ಹೋದಾಗ ನಿಜವಾಗಿ ಎಲ್ಲಿದ್ದೀರಿ ಅಂತ ತಿಳಿಯಲು 'ಪಿಡಬ್ಲ್ಯುಡಿ -ಪಿ' ಕೇಳಿ. ಇಲ್ಲಿ ಗೀಟಿನ ಮುಂದಿನ ಪಿ ದೊಡ್ಡಕ್ಷರ.

ಎರಡು ಗಾಜನೂರು

ಮೂರನೇ ಉಪಾಯ 'ಸಿಡಿಪಾತ್'. ಇದನ್ನು ಪೂರಾ ದೊಡ್ಡಕ್ಷರದಲ್ಲಿ ಬರೆಯಬೇಕು. "ನಾನು ಹೇಳಿದ ಫೋಲ್ಡರ್ ಇಲ್ಲಿ ಸಿಗದಿದ್ದರೆ ಈ ಈ ಕಡೆಗಳಲ್ಲಿ ಹುಡುಕು" ಅಂತ ಶೆಲ್ಲಿಗೆ ಮೊದಲೇ ಹೇಳಿಡುವುದು:

ಸಿಡಿಪಾತ್=.:~/ಶಾಲೆ/ವಿಜ್ಞಾನಸಂಘ

ಚುಕ್ಕೆ ಅಂದರೆ "ಮೊದಲು ನಿಂತ ಜಾಗದಲ್ಲೇ ನೋಡು". ಎರಡು ಚುಕ್ಕೆಯ ಗುರುತು ಒಂದು ಜಾಗವನ್ನು ಇನ್ನೊಂದರಿಂದ ಬೇರೆ ಮಾಡುತ್ತೆ. ಇದಾದ ಮೇಲೆ ಎಲ್ಲಿಂದಲಾದರೂ 'ಸಿಡಿ ಮಳೆಲೆಕ್ಕ' ಅಂದರೆ ಸಾಕು, ನಡುವಿನ ದಾರಿ ಬೇಕಿಲ್ಲ.

ಇಲ್ಲಿ ಒಂದು ಎಚ್ಚರ ಬೇಕು. ಗಾಜನೂರು ಅಂದ ಕೂಡಲೇ ನಮಗೆ ನೆನಪಾಗುವುದು ನಮ್ಮ ತಾಳವಾಡಿಯ ದೊಡ್ಡಗಾಜನೂರು. 1929ರ ಏಪ್ರಿಲ್ 24ರಂದು ಡಾ. ರಾಜ್‌ಕುಮಾರ್ ಹುಟ್ಟಿದ್ದು ಗಾಜನೂರಿನಲ್ಲಿ. ಶಿವಮೊಗ್ಗದವರನ್ನು ಕೇಳಿ, ಅವರಿಗೆ ಗಾಜನೂರು ಅಂದರೆ ತುಂಗಾ ಅಣೆಕಟ್ಟು ಇರುವ ಊರು. "ಗಾಜನೂರಿಗೆ ಒಂದು ಟಿಕೆಟ್" ಅಂದರೆ ಎಲ್ಲಿಗೆ ಹೋಗುತ್ತೀರಿ ಅನ್ನುವುದು ಯಾವ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೀರಿ ಅನ್ನುವುದರ ಮೇಲೆ.

ಸಿಡಿಪಾತ್ ಕೂಡ ಹೀಗೇ. ಒಂದೇ ಹೆಸರಿನ ಫೋಲ್ಡರ್ ಎರಡು ಕಡೆ ಇದ್ದರೆ, ಪಟ್ಟಿಯಲ್ಲಿ ಮೊದಲು ಸಿಕ್ಕಿದ್ದಕ್ಕೆ ಕರೆದುಕೊಂಡು ಹೋಗುತ್ತೆ. ಬ್ಯಾಶ್ ಒಂದು ಒಳ್ಳೆಯ ಕೆಲಸ ಮಾಡುತ್ತೆ: ಸಿಡಿಪಾತ್‌ನಲ್ಲಿ ಹುಡುಕಿ ಬೇರೆ ಕಡೆ ಹೋದಾಗ, ಸೇರಿದ ಜಾಗದ ಪೂರ್ಣ ದಾರಿಯನ್ನು ಪರದೆ ಮೇಲೆ ಬರೆಯುತ್ತೆ. ಆ ಸಾಲನ್ನು ಓದಲೇಬೇಕು. ಕಂಡಕ್ಟರ್ ಊರ ಹೆಸರು ಕೂಗಿದಾಗ ಕಿವಿಗೊಡುತ್ತೀರಲ್ಲ, ಹಾಗೆ.

ತಟ್ಟೆ ಜೋಡಿಸಿದ ಹಾಗೆ

ಕೆಲವೊಮ್ಮೆ ಹೆಸರಿಡುವಷ್ಟು ದಿನ ಬೇಡ, ಈಗ ಒಂದರ್ಧ ಗಂಟೆಗೆ ಮಾತ್ರ ಗುರುತು ಬೇಕು. ಆಗ 'ಪುಶ್‌ಡಿ' ಮತ್ತು 'ಪಾಪ್‌ಡಿ'. ಮಧ್ಯಾಹ್ನದ ಊಟದ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿರುವುದನ್ನು ನೋಡಿದ್ದೀರಿ. ಕೊನೆಗೆ ಇಟ್ಟದ್ದನ್ನೇ ಮೊದಲು ತೆಗೆಯಬೇಕು. 'ಪುಶ್‌ಡಿ' ಮುಂದೆ ಒಂದು ಫೋಲ್ಡರ್ ಹೆಸರು ಕೊಟ್ಟರೆ ಅಲ್ಲಿಗೆ ಹೋಗುವುದರ ಜೊತೆಗೆ, ಬಿಟ್ಟುಬಂದ ಜಾಗವನ್ನು ಪೇರಿಕೆಯಲ್ಲಿ ಇಟ್ಟುಕೊಳ್ಳುತ್ತೆ. ಕೆಲಸ ಮುಗಿದ ಮೇಲೆ 'ಪಾಪ್‌ಡಿ' ಅಂದರೆ ಹಿಂದಿನ ಜಾಗಕ್ಕೆ ವಾಪಸ್. ಮತ್ತೊಮ್ಮೆ ಅಂದರೆ ಅದರ ಹಿಂದಿನದಕ್ಕೆ.

'ಡರ್ಸ್ -ವಿ' ಅಂದರೆ ಪೇರಿಕೆಯಲ್ಲಿರುವ ಜಾಗಗಳನ್ನೆಲ್ಲ 0, 1, 2 ಅಂತ ಅಂಕಿ ಹಾಕಿ ತೋರಿಸುತ್ತೆ. ಡರ್ಸ್ ಅಂದರೆ ಡಿ, ಐ, ಆರ್, ಎಸ್. ಆಮೇಲೆ 'ಸಿಡಿ ~2' ಅಂದರೆ 2ನೇ ನಂಬರಿನ ಜಾಗಕ್ಕೆ ಹೋಗಬಹುದು. ದಿಂಬಂ ತಿರುವಿನ ಅಂಕಿಯ ಹಾಗೇ ಇದು.

ಈ ಪೇರಿಕೆಯ ಕಲ್ಪನೆ ಮೊದಲು ಬಂದದ್ದು ಸಿ ಶೆಲ್ ಅನ್ನುವುದರಲ್ಲಿ. ಆ ಶೆಲ್ ಬರೆದವರು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿದ್ದ ಬಿಲ್ ಜಾಯ್. ಅದಕ್ಕೆ ಪೇರಿಕೆಯನ್ನು ಮೊದಲು ಸೇರಿಸಿದವರು ಆಸ್ಟ್ರಿಯಾ ದೇಶದ ಲಾಕ್ಸೆನ್‌ಬರ್ಗ್‌ನ ಸಂಶೋಧನಾ ಸಂಸ್ಥೆಯೊಂದರಲ್ಲಿದ್ದ ಜೆ. ಇ. ಕುಲ್ಪ್. ಇವತ್ತು ವಿಂಡೋಸ್ ಕಮಾಂಡ್ ಪರದೆಯಲ್ಲೂ ಇದೇ ಹೆಸರಿನ ಪುಶ್‌ಡಿ, ಪಾಪ್‌ಡಿ ಇವೆ. ಆದ್ದರಿಂದ ನಿಮ್ಮ ಲ್ಯಾಬಿನಲ್ಲಿ ಲಿನಕ್ಸ್ ಇಲ್ಲದಿದ್ದರೂ ಇದನ್ನು ಮಾಡಿ ನೋಡಬಹುದು.

ತಾನೇ ನೆನಪಿಡುವ ಬುಕ್‌ಮಾರ್ಕ್

ಇಲ್ಲಿಯವರೆಗಿನ ಹೆಸರುಗಳನ್ನು ನಾವೇ ಇಟ್ಟೆವು. ನಾವು ಎಲ್ಲೆಲ್ಲಿ ಓಡಾಡುತ್ತೇವೆ ಅಂತ ಗಮನಿಸಿ ತಾನೇ ನೆನಪಿಡುವ ಪ್ರೋಗ್ರಾಮುಗಳೂ ಇವೆ. 'ಝಾಕ್ಸೈಡ್' ಅಂಥದ್ದೊಂದು. ಅದರ ಲೆಕ್ಕ ಎಂಟನೇ ತರಗತಿಯವರೂ ಮಾಡಬಹುದು.

ಒಂದು ಫೋಲ್ಡರಿಗೆ ಹೋದಾಗಲೆಲ್ಲ ಅದಕ್ಕೆ 1 ಅಂಕ. ಹುಡುಕುವಾಗ, ಕೊನೆಯ ಬಾರಿ ಹೋಗಿ ಎಷ್ಟು ಹೊತ್ತಾಯಿತು ಅಂತ ನೋಡುತ್ತೆ. ಒಂದು ಗಂಟೆಯೊಳಗಾದರೆ ಅಂಕವನ್ನು 4ರಿಂದ ಗುಣಿಸುತ್ತೆ. ಒಂದು ದಿನದೊಳಗಾದರೆ 2ರಿಂದ. ಒಂದು ವಾರದೊಳಗಾದರೆ 2ರಿಂದ ಭಾಗಿಸುತ್ತೆ. ಅದಕ್ಕೂ ಹಳೆಯದಾದರೆ 4ರಿಂದ ಭಾಗಿಸುತ್ತೆ.

ಒಂದು ಉದಾಹರಣೆ. ಮಳೆಲೆಕ್ಕದಲ್ಲಿ 2023ರ 'ಪಟ್ಟಿ'ಗೆ ನೀವು 40 ಬಾರಿ ಹೋಗಿದ್ದೀರಿ, ಕೊನೆಯ ಬಾರಿ ಹೋದದ್ದು ಒಂದು ತಿಂಗಳ ಹಿಂದೆ. 40 ಭಾಗಿಸು 4, ಬಂತು 10. 2024ರ 'ಪಟ್ಟಿ'ಗೆ ಹೋದದ್ದು 6 ಬಾರಿ ಮಾತ್ರ, ಆದರೆ ಅರ್ಧ ಗಂಟೆಯ ಹಿಂದೆ ತಾನೇ ಅಲ್ಲಿದ್ದಿರಿ. 6 ಗುಣಿಸು 4, ಬಂತು 24. ಈಗ 'ಝಡ್ ಪಟ್ಟಿ' ಅಂದರೆ ಝಾಕ್ಸೈಡ್ 2024ಕ್ಕೆ ಕರೆದುಕೊಂಡು ಹೋಗುತ್ತೆ. ಹೆಚ್ಚು ಸಲ ಹೋದದ್ದು, ಈಚೆಗೆ ಹೋದದ್ದು, ಎರಡನ್ನೂ ತೂಗಿ ನೋಡುವ ಲೆಕ್ಕ ಇದು.

ಅನುಕೂಲವೇನೋ ಹೌದು. ಆದರೆ ಇದು ಊಹೆ. ನಾಳೆ ಅಂಕಗಳು ಬದಲಾದರೆ ಅದೇ ಹೆಸರು ಇನ್ನೊಂದು ಕಡೆಗೆ ಒಯ್ಯಬಹುದು. ಓದಲು, ನೋಡಲು ಹೋಗುವಾಗ ಊಹೆ ಸಾಕು. ಅಳಿಸಲು ಹೋಗುವಾಗ ಊಹೆಯನ್ನು ನಂಬಬೇಡಿ.

ಅಳಿಸುವ ಮೊದಲು

ಮತ್ತೆ ನಮ್ಮ ಹುಡುಗಿಯ ವಿಷಯಕ್ಕೆ ಬರೋಣ. ಅವಳು ಎರಡು ಕಮಾಂಡುಗಳನ್ನು ಎರಡು ಸಾಲಿನಲ್ಲಿ ಕೊಟ್ಟಳು. ಮೊದಲನೆಯದು ಸೋತರೂ ಎರಡನೆಯದು ಓಡಿತು. ಇದನ್ನು ತಡೆಯುವ ಬೀಗ ಶೆಲ್ಲಿನಲ್ಲೇ ಇದೆ. ಎರಡು ಕಮಾಂಡುಗಳ ನಡುವೆ && ಗುರುತು ಹಾಕಿದರೆ, ಮೊದಲನೆಯದು ಗೆದ್ದರೆ ಮಾತ್ರ ಎರಡನೆಯದು ಓಡುತ್ತೆ:

ಸಿಡಿ ನಕಲು && ಆರ್‌ಎಂ -ಐ *

'ಆರ್‌ಎಂ' ಅಂದರೆ ಅಳಿಸು. ನಕ್ಷತ್ರ ಅಂದರೆ ಇಲ್ಲಿರುವುದೆಲ್ಲ. 'ನಕಲು' ಸಿಗದಿದ್ದರೆ ಅಳಿಸುವ ಮಾತೇ ಬರಲ್ಲ. ನಡುವಿನ '-ಐ' ಇದ್ದರೆ ಒಂದೊಂದು ಫೈಲಿಗೂ "ಅಳಿಸಲಾ?" ಅಂತ ಕೇಳುತ್ತೆ.

ಬುಕ್‌ಮಾರ್ಕ್ ಕೂಡ ಇಲ್ಲಿ ಕಾಪಾಡುತ್ತೆ. ಉದ್ದದ ದಾರಿಯನ್ನು ದಿನಾ ಹತ್ತು ಸಲ ಟೈಪ್ ಮಾಡಿದರೆ ಹತ್ತು ಸಲ ತಪ್ಪಲು ಅವಕಾಶ. ಒಮ್ಮೆ ನಿಧಾನವಾಗಿ ಬರೆದು, ಸರಿಯಿದೆಯಾ ಅಂತ ನೋಡಿ ಹೆಸರಿಟ್ಟರೆ ಆಮೇಲೆ ಎರಡೇ ಅಕ್ಷರ. ವೇಗ ಸಿಗುವುದರ ಜೊತೆಗೆ ತಪ್ಪುವ ಅವಕಾಶವೂ ಕಡಿಮೆಯಾಗುತ್ತೆ. ಹಾಗಂತ ವರ್ಷ ಬದಲಾದಾಗ ಅಲಿಯಾಸಿನೊಳಗಿನ 2024 ಅನ್ನು ತಿದ್ದುವುದು ಮರೆಯಬೇಡಿ. ಹಳೆಯ ಬುಕ್‌ಮಾರ್ಕ್ ಹಳೆಯ ಊರಿಗೇ ಕರೆದುಕೊಂಡು ಹೋಗುತ್ತೆ.

ಆ ಮಳೆಯ ಲೆಕ್ಕ ಕೊನೆಗೆ ಉಳಿಯಿತು. ಉಳಿಸಿದ್ದು ಕಂಪ್ಯೂಟರಲ್ಲ, ನೋಟ್‌ಬುಕ್ಕು. ಬೆಳಿಗ್ಗೆ 8.30ಕ್ಕೆ ಒದ್ದೆ ಕೈಯಲ್ಲಿ ಬರೆದ ಅಂಕಿಗಳು ಅಲ್ಲಿ ಹಾಗೇ ಇದ್ದವು. ನಾಲ್ಕು ಮಕ್ಕಳು ಸರದಿಯಲ್ಲಿ ಕೂತು ಒಂದು ವಾರ ಮತ್ತೆ ಏರಿಸಿದರು. ಫೈಲುಗಳನ್ನು ಅಳಿಸಿದ ಹುಡುಗಿಯೇ ಮೊದಲ ಅಲಿಯಾಸ್ ಬರೆದಳು. ಆಮೇಲೆ ಪ್ರತಿ ಶುಕ್ರವಾರ ಇಡೀ ಮಳೆಲೆಕ್ಕದ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕುವ ಕೆಲಸವನ್ನೂ ತಾನೇ ವಹಿಸಿಕೊಂಡಳು.

ಮಾಡಿ ನೋಡಿ

1. ಟರ್ಮಿನಲ್ ತೆರೆದು 'ಪಿಡಬ್ಲ್ಯುಡಿ' ಕೊಡಿ. ನೀವು ನಿಂತ ಜಾಗದ ಪೂರ್ಣ ದಾರಿಯನ್ನು ನೋಟ್‌ಬುಕ್ಕಿನಲ್ಲಿ ಮರದ ಚಿತ್ರವಾಗಿ ಬರೆಯಿರಿ.

2. ನಿಮ್ಮ ಊರಿನ ಹೆಸರಿನಲ್ಲಿ ಒಂದು ಫೋಲ್ಡರ್ ಮಾಡಿ. ಹೆಸರು ಕನ್ನಡದಲ್ಲಿರಲಿ. ಅದು ಎಷ್ಟು ಬೈಟ್ ಆಗುತ್ತೆ ಅಂತ ಮೊದಲು ಕೈಯಲ್ಲಿ ಲೆಕ್ಕ ಹಾಕಿ. ಒತ್ತಕ್ಷರ ಇದ್ದರೆ ಅರ್ಧಾಕ್ಷರದ ಗುರುತನ್ನೂ ಒಂದು ಅಂತ ಎಣಿಸಬೇಕು.

3. ಆ ಫೋಲ್ಡರಿಗೆ ಎರಡಕ್ಷರದ ಅಲಿಯಾಸ್ ಇಡಿ. ಅದು ಈಗಾಗಲೇ ಇರುವ ಯಾವುದಾದರೂ ಕಮಾಂಡಿನ ಹೆಸರೇ ಆಗಿರಬಾರದು. 'ಟೈಪ್' ಅನ್ನುವ ಕಮಾಂಡಿನ ಮುಂದೆ ಆ ಹೆಸರು ಕೊಟ್ಟರೆ ಇದೆಯೋ ಇಲ್ಲವೋ ಶೆಲ್ಲೇ ಹೇಳುತ್ತೆ.

4. ಮೂರು ಫೋಲ್ಡರುಗಳಿಗೆ ಒಂದಾದ ಮೇಲೊಂದರಂತೆ 'ಪುಶ್‌ಡಿ' ಮಾಡಿ. 'ಪಾಪ್‌ಡಿ' ಕೊಡುವ ಮೊದಲು ಎಲ್ಲಿಗೆ ಹೋಗುತ್ತೀರಿ ಅಂತ ಪಕ್ಕದವರಿಗೆ ಹೇಳಿ, ಆಮೇಲೆ ಕೊಟ್ಟು ನೋಡಿ.

5. ಒಂದು ಫೋಲ್ಡರಿಗೆ 12 ಬಾರಿ ಹೋಗಿದ್ದೀರಿ, ಕೊನೆಗೆ ಹೋದದ್ದು ಮೂರು ದಿನದ ಹಿಂದೆ. ಅದೇ ಹೆಸರಿನ ಇನ್ನೊಂದಕ್ಕೆ 4 ಬಾರಿ, ಕೊನೆಗೆ ಹೋದದ್ದು ಇವತ್ತು ಬೆಳಿಗ್ಗೆ, ಐದು ಗಂಟೆಯ ಹಿಂದೆ. ಝಾಕ್ಸೈಡ್ ಯಾವುದಕ್ಕೆ ಕರೆದುಕೊಂಡು ಹೋಗುತ್ತೆ? ಉತ್ತರವನ್ನು ಲೆಕ್ಕದ ಸಮೇತ ನಿಮ್ಮ ವಿಜ್ಞಾನದ ಮೇಷ್ಟ್ರಿಗೋ ಮಿಸ್ಸಿಗೋ ತೋರಿಸಿ.